ಗ್ಲೆನ್‌ಹಾರ್ನ್ ಕೋಟೆಯ ಬಾಗಿಲು

ಲಂಡನ್ನಿನ ಪಶ್ಚಿಮ ಅಂಚಿನ ಹೇಸ್‌ನಲ್ಲಿದ್ದ ಭೋಜ ಶೆಟ್ಟರಿಗೆ ಅವರ ಬಾಯೇ ಶತ್ರು. ಸೊಂಟ ಕೈಕೊಟ್ಟು ಏರ್‌ಪೋರ್ಟಿನ ಲಗೇಜು ಎತ್ತುವ ಕೆಲಸ ಬಿಟ್ಟ ಮೇಲೆ, ಲಂಡನ್ನಿನ ಒಂದು ಪುಟ್ಟ ಮ್ಯೂಸಿಯಮ್ಮಿನಲ್ಲಿ ಕಾವಲಿಗೆ ನಿಂತರು. ಅವರು ಕಾಯುವ ಕೋಣೆಯಲ್ಲಿದ್ದದ್ದು ಐನೂರು ವರ್ಷ ಹಿಂದಿನ ಸ್ಕಾಟ್ಲೆಂಡಿನ ದೊರೆ, ಗ್ಲೆನ್‌ಹಾರ್ನ್‌ನ ಲಾರ್ಡ್ ಡಂಕನ್‌ನ ಚಿತ್ರ, ಕತ್ತಿ, ವಂಶವೃಕ್ಷ. ಸುಮ್ಮನೆ ನಿಲ್ಲಬೇಕಾದ ಮನುಷ್ಯ ಬಂದವರಿಗೆಲ್ಲ ಕಥೆ ಹೇಳತೊಡಗಿದರು.

ಕಥೆಯನ್ನು ಚೆನ್ನಾಗಿಯೇ ಹೇಳುತ್ತಿದ್ದರು, ಆದರೆ ತಿರುಚಿ. ಗೋಡೆಯ ಬೋರ್ಡಿನಲ್ಲಿದ್ದದ್ದು ಇಷ್ಟು: ಡಂಕನ್ ಯುದ್ಧದಲ್ಲಿ ಸತ್ತ. ಅವನ ಅಕ್ಕನ ಮಗ ಪ್ಯಾಟ್ರಿಕ್ ಕೋಟೆ ಸೇರಿಕೊಂಡು ಬಾಗಿಲು ಹಾಕಿಸಿದ. ಡಂಕನ್‌ನ ಇಬ್ಬರು ಗಂಡುಮಕ್ಕಳು ಮೂರು ದಿನ ಹಿಮದಲ್ಲಿ ಹೊರಗೆ ನಿಂತು, ಕೊನೆಗೆ ಊರೇ ಬಿಟ್ಟರು. ಕುಂದಾಪುರದ ಕಡೆ ಅಳಿಯಕಟ್ಟಿನಲ್ಲಿ ಬೆಳೆದ ಶೆಟ್ಟರಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. ಮಾವನದ್ದು ಸೋದರಳಿಯನಿಗಲ್ಲದೆ ಇನ್ಯಾರಿಗೆ? ಪ್ಯಾಟ್ರಿಕ್ಕೇ ನಿಜವಾದ ವಾರಸುದಾರ ಎಂದು ಐದು ತಿಂಗಳು ಎದೆ ತಟ್ಟಿ ಹೇಳಿದರು.

ಗ್ರಹಚಾರ ನೋಡಿ! ಆ ಚಿತ್ರವನ್ನು ಮ್ಯೂಸಿಯಮ್ಮಿಗೆ ಕೊಟ್ಟ ಅಜ್ಜಿ ಡಂಕನ್‌ನ ಹಿರಿಮಗನ ವಂಶದವಳು. ನಮ್ಮವರನ್ನು ಹೊರಹಾಕಿದವನನ್ನು ನಿಮ್ಮ ಕಾವಲಿನವ ಹೊಗಳುತ್ತಾನೆಂದು ದೂರು ಬರೆದಳು. ಇವತ್ತು ಹನ್ನೊಂದು ಗಂಟೆಗೆ ಖುದ್ದು ಕೇಳಲು ಬರುತ್ತಾಳಂತೆ.

"ಹೋಯ್, ಇವತ್ತ್ ಒಂದ್ ದಿನ ಬೋರ್ಡಲ್ ಇದ್ದದ್ದ್ ಓದಿ ಬನ್ನಿ ಕಾಣಿ," ಎಂದು ಬೆಳಿಗ್ಗೆ ಹೆಂಡತಿ ಚಂಪಾ ಕೈ ಮುಗಿದಿದ್ದಳು. ಮೇಲ್ವಿಚಾರಕಿ ನೀರಜಾ ಬೆಂಗಳೂರಿನವಳು, ನೇರ ಮಾತಿನವಳು. "ಶೆಟ್ರೇ, ಒಂದ್ ಮಾತು ಜಾಸ್ತಿ ಆಡಿದ್ರೂ ಕೆಲ್ಸ ಹೋಗುತ್ತೆ. ನನ್ ಕೈಲಿ ಏನೂ ಇಲ್ಲ," ಎಂದಳು.

ಅಜ್ಜಿ ಬಂದು ಕುರ್ಚಿಯಲ್ಲಿ ಕೂತಳು. ಶೆಟ್ಟರು ಓದತೊಡಗಿದರು. ಮಕ್ಕಳು ಬಾಗಿಲ ಹೊರಗೆ ನಿಂತರು ಎನ್ನುವಲ್ಲಿಗೆ ಬಂದಾಗ ಓದು ನಿಲ್ಲಿಸಿ ಚಿತ್ರದ ಕಡೆ ತಿರುಗಿದರು.

ಅಜ್ಜಿ ಕೇಳಿದಳು, "ಒಳಗಿದ್ದ ಪ್ಯಾಟ್ರಿಕ್‌ಗೆ ಅವರು ಕಾಣಿಸುತ್ತಿದ್ದರಾ?"

ಬೋರ್ಡಿನಲ್ಲಿ ಅದಿಲ್ಲ. ಹಿಂದಿನಿಂದ ನೀರಜಾ ಬೇಡ ಬೇಡ ಎಂದು ತಲೆಯಾಡಿಸಿದಳು.

ಶೆಟ್ಟರಿಗೆ ಕಂಡದ್ದು ಕೋಟೆಯಲ್ಲ. ಇಪ್ಪತ್ತಾರು ವರ್ಷದ ಹಿಂದೆ ಸೋದರಮಾವ ಸತ್ತು ಹದಿಮೂರನೆಯ ದಿನದ ಬೊಜ್ಜದಂದು, ಊಟಕ್ಕೆ ಎಲೆ ಹಾಕಿದ್ದ ಜಗಲಿ. ಅದು ಮಾವ ಸ್ವಂತ ದುಡಿದು ಕಟ್ಟಿಸಿದ ಮನೆ, ಕಾನೂನಿನ ಪ್ರಕಾರ ಮಗ ಸಂಪತ್‌ನದ್ದು. ಅದು ಭೋಜನಿಗೆ ಆಗಲೂ ಚೆನ್ನಾಗಿ ಗೊತ್ತಿತ್ತು. ಆದರೂ ಅಳಿಯಕಟ್ಟೆಂದು ಮನೆಯನ್ನು ತನ್ನದಾಗಿಸಿಕೊಂಡು ಯಜಮಾನನ ಜಾಗದಲ್ಲಿ ಕೂತ. ಸಂಪತ್ ಅಂಗಳದಲ್ಲಿ ನಿಂತಿದ್ದ. ಯಾರೂ ಅವನನ್ನು ಊಟಕ್ಕೆ ಮೇಲೆ ಕರೆಯಲಿಲ್ಲ.

"ಕಾಣಿಸುತ್ತಿದ್ದರು," ಎಂದರು ಶೆಟ್ಟರು. "ಅವರು ಹಸಿದದ್ದೂ ಗೊತ್ತಿತ್ತು. ಪದ್ಧತಿ ಅಂತ ತನಗೆ ತಾನೇ ಹೇಳಿಕೊಂಡ. ಪದ್ಧತಿಯಲ್ಲ ಮೇಡಂ, ದುರಾಸೆ. ಇಷ್ಟು ದಿನ ನಾನು ಹೇಳಿದ್ದು ಸುಳ್ಳು."

ಅಜ್ಜಿ ಬಹಳ ಹೊತ್ತು ಚಿತ್ರ ನೋಡಿದಳು. ಆಮೇಲೆ ಎದ್ದು ಬಂದು ಶೆಟ್ಟರ ಕೈ ಹಿಡಿದು ಅದುಮಿದಳು.

ಅವಳನ್ನು ಬಾಗಿಲವರೆಗೆ ಬಿಟ್ಟು ಬಂದ ನೀರಜಾ, "ದೂರು ವಾಪಸ್ ತಗೊಂಡ್ರು. ಬದುಕಿದ್ರಿ ಬಿಡಿ ಶೆಟ್ರೇ!" ಎಂದಳು.

ಶೆಟ್ಟರಿಗೆ ನಗು ಬರಲಿಲ್ಲ. ಡ್ಯೂಟಿ ಮುಗಿಸಿ ಹೇಸ್‌ನ ರೈಲು ಬಿಟ್ಟು, ಎದುರು ದಿಕ್ಕಿನ ಎಲಿಜಬೆತ್ ಲೈನ್ ಹತ್ತಿದರು. ಸಂಪತ್ ಇಲ್ಫರ್ಡ್‌ನಲ್ಲಿ ಹೋಟೆಲಿನ ಅಡುಗೆಗೆ ಇದ್ದಾನೆ. ಒಂದೇ ಊರಿನ ಎರಡು ತುದಿಯಲ್ಲಿ ಇಬ್ಬರೂ ಹದಿನೈದು ವರ್ಷ ಬದುಕಿದ್ದರು. ಮಾತಿಲ್ಲ, ಕತೆಯಿಲ್ಲ.

ಸಂಪತ್‌ನ ಮನೆಯ ಬೆಲ್ ಒತ್ತಿದರು. ಸರಪಳಿ ಹಾಕಿದ ಬಾಗಿಲು ಬೆರಳಗಲ ತೆರೆಯಿತು.

"ಮನಿ ನಿಂದ್, ಸಂಪತ್. ಕಾಗದ ಎಲ್ಲ ನಿನ್ನ ಹೆಸ್ರಿಗ್ ಮಾಡಿ ಕೊಡ್ತೆ."

ಸಂಪತ್ ಸರಪಳಿ ತೆಗೆಯಲಿಲ್ಲ. "ಮನಿ ಯಾರಿಗ್ ಬೇಕ್ ಬಾವ? ಅಪ್ಪಯ್ಯನ ಬೊಜ್ಜದ ಊಟ ನಂಗಿನ್ನೂ ಆಯ್ಲಿಲ್ಲ," ಎಂದ.

ಬಾಗಿಲು ಮುಚ್ಚಿತು. ಸಣ್ಣಗೆ ಮಳೆ ಹನಿಯುತ್ತಿತ್ತು. ಭೋಜ ಶೆಟ್ಟರು ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲ ಮೇಲೇ ನಿಂತರು, ಮೂರು ದಿನವಾದರೂ ಸರಿ ಎಂದು.