ಬೆನ್ನುನೋವಿನವರ ಜೊತೆ ಕೂತಿದ್ದು

ಪಾಲಹಳ್ಳಿಯ ನಮ್ಮ ಗದ್ದೆಗೆ ನಾಲೆ ನೀರು ಬಂದರೆ ನನಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ನಾನು, ವಾರಗಿತ್ತಿ, ಪಕ್ಕದ ಮನೆಯ ಹೆಂಗಸರು ಸಾಲಾಗಿ ಬಗ್ಗಿ ಪೈರು ನೆಡುತ್ತಾ ಹಿಂದಕ್ಕೆ ಸರಿಯುತ್ತಿದ್ದೆವು. ಕಾಲಿಗೆ ಕೆಸರು, ಬಾಯ್ತುಂಬ ಮಾತು. ಸೊಂಟನೋವು ಶುರುವಾದ ಮೇಲೆ ಅದೆಲ್ಲ ನಿಂತುಹೋಯಿತು. ಅವರು ನಾಟಿಗೆ ಹೊರಡುವ ಹೊತ್ತಿಗೆ ನಾನು ಒಳಗೆ ಹೋಗಿಬಿಡುತ್ತಿದ್ದೆ, ನೋಡಲಾಗುತ್ತಿರಲಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಅಂಥದ್ದೇನೂ ಕಾಣಲಿಲ್ಲ. ಮಾತ್ರೆ, ಮುಲಾಮು, ಬೆಲ್ಟು ಎಲ್ಲ ಆದವು. ಪಾಂಡವಪುರದಲ್ಲಿ ವಾರಕ್ಕೊಮ್ಮೆ ಬೆನ್ನುನೋವಿನವರನ್ನು ಒಟ್ಟಿಗೆ ಕೂರಿಸಿ ಮನಸ್ಸಿನ ಚಿಕಿತ್ಸೆ ಕೊಡುತ್ತಾರೆ, ಹೋಗಿ ಬನ್ನಿ ಎಂದರು ಡಾಕ್ಟರು. ಮನಸ್ಸು ಅಂದದ್ದೇ ನನಗೆ ಚುಚ್ಚಿತು. ನೋವಿರುವುದು ಸೊಂಟದಲ್ಲಿ, ತಲೆಯಲ್ಲಲ್ಲ ಎಂದು ಗಂಡನ ಮುಂದೆ ಬಸ್ಸಿನಲ್ಲಿ ಗೊಣಗುತ್ತಲೇ ಹೋದೆ.

ಅಲ್ಲಿದ್ದ ಸಮಾಲೋಚಕಿ ನನ್ನ ಮಗಳ ವಯಸ್ಸಿನವರು. ಕೂರಲಾಗದಿದ್ದರೆ ನಿಲ್ಲಿ, ಚಾಪೆಯ ಮೇಲೆ ಬೇಕಾದರೂ ಮಲಗಿ ಎಂದರು. ನನ್ನ ಪಕ್ಕ ಗೋಡೆಗೆ ಒರಗಿ ನಿಂತವರು ನಾಗಮಂಗಲದ ಕಡೆಯವರು, ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ತಮ್ಮ ನೋವು ಹೇಳಿಕೊಳ್ಳುವ ಸರದಿ ಬಂದಾಗ ಅವರು ನನ್ನ ಕಡೆ ತಿರುಗಿಯೇ ಹೇಳಿದರು:

“ನಮ್ಮನೇಲಿ ನಾಟ್ಕ ಆಡ್ತಾನೆ ಅಂತಾರೆ ಕಣಕ್ಕ. ಕೇಳಿ ಕೇಳಿ ನಾನೂ ಅಂಗೇ ಅಂದ್ಕಬುಟ್ಟಿದ್ದೆ.”

ನನಗೆ ಅಳು ಬಂತು. ಅಳಬೇಡ ಎಂದು ಯಾರೂ ಹೇಳಲಿಲ್ಲ. ಅಷ್ಟು ಜನರ ಮುಂದೆ ಅತ್ತು ಹಗುರಾದದ್ದು ಅದೇ ಮೊದಲು.

ನೋವಿಗೆ ಹೆದರಿ ಮೈ ಬಿಗಿದುಕೊಂಡರೆ ನೋವು ಇನ್ನೂ ಹೆಚ್ಚುತ್ತದೆ, ಸುಸ್ತಾಗುವ ಮುಂಚೆಯೇ ನಿಲ್ಲಿಸಿ, ಆಮೇಲೆ ಮತ್ತೆ ಸ್ವಲ್ಪ ಮಾಡಿ ಎಂದು ಸಮಾಲೋಚಕಿ ವಾರವಾರವೂ ಕಲಿಸಿದರು. ನೋವು ಪೂರ್ತಿ ಹೋಗದೆಯೂ ಇರಬಹುದು ಎಂದಾಗ ನನಗೆ ಕೋಪ ಬಂತು. ಒಮ್ಮೆ, ನಿಮಗೆ ಯಾವುದರ ಆಸೆ ಉಳಿದಿದೆ ಎಂದು ಕೇಳಿದರು. ನಾನು ನಾಟಿ ಅಂದೆ. ಡ್ರೈವರು ಗೋಡೆ ಬಿಟ್ಟು ನೆಟ್ಟಗೆ ನಿಂತು ಹೇಳಿದರು:

“ಊರವರ್ನೆಲ್ಲ ಕೂರ್ಸ್ಕಂಡು ಓಡಾಡ್ದೆ. ನನ್ನ ಎಂಡ್ತೀನ ಗಾಡೀಲಿ ಅವಳ ತೌರಿಗೆ ಒಂದ್ಸಲ ಕರ್ಕಂಡೋಗ್ಬೇಕು.”

ತವರು ಶೀಳನೆರೆ. ಮುಂದೊಂದು ವಾರ ಹೋಗಿಬಂದೇ ಬಿಟ್ಟಿದ್ದರು. ಮರ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ, ಇಳಿದು ಬೆನ್ನು ನೀವಿಕೊಂಡರಂತೆ. ಹೆಂಡತಿ ದಾರಿಯುದ್ದಕ್ಕೂ ಮಾತಾಡಿದರಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಚಿಕಿತ್ಸೆಯ ವಾರಗಳು ಮುಗಿದವು. ವಾರದ ಆ ದಿನ ಬಂದರೆ ಈಗಲೂ ಪಾಂಡವಪುರದ ಬಸ್ಸು ಹತ್ತೋಣ ಅನ್ನಿಸುತ್ತದೆ.

ಈ ಸಲ ನಾಟಿಗೆ ನಾನೂ ಗದ್ದೆಗಿಳಿದೆ. ಸ್ವಲ್ಪ ದೂರ ನೆಟ್ಟು, ನೋವು ಜೋರಾಗುವ ಮುಂಚೆಯೇ ಸೊಂಟ ನೆಟ್ಟಗೆ ಮಾಡಿದೆ. “ಸಾಕು ಬುಡಕ್ಕ, ಮಿಕ್ಕಿದ್ದ ನಾವಾಕ್ತೀವಿ,” ಎಂದಳು ವಾರಗಿತ್ತಿ. ಬದುವಿನ ಮೇಲೆ ಕೂತೆ. ಅವರು ನೆಡುತ್ತಾ ನೆಡುತ್ತಾ ಗದ್ದೆಯ ಆ ತುದಿಗೆ ಸರಿದರು. ಯಾವುದಕ್ಕೋ ಎಲ್ಲರೂ ನಕ್ಕರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ.