ಬದನೆ ಸಾಲಿನ ಹೆಜ್ಜೆ

ಯುರ್ನಿಸಳ ಹೊಲ ತಾಲಾಂಗ್ ಬೆಟ್ಟದ ಮಗ್ಗುಲಿಗಿತ್ತು. ತಾಯಿಯಿಂದ ಮಗಳಿಗೆ ಇಳಿದು ಬಂದ ಅರ್ಧ ಎಕರೆ. ಕೆಂಪು ಮೆಣಸಿನಕಾಯಿ, ನೇರಳೆ ಬದನೆ, ಕೇಸರಿ ಕ್ಯಾರೆಟ್ಟು. ಮೂವತ್ತು ವರ್ಷ ಅದರಲ್ಲೇ ಬಗ್ಗಿ ಬಗ್ಗಿ ಅವಳ ಬೆನ್ನು ನೆಟ್ಟಗಾಗುವುದನ್ನೇ ಮರೆತಿತ್ತು. ಮುಳ್ಳುಹಂದಿ ಕ್ಯಾರೆಟ್ಟು ಕಿತ್ತರೆ, ಮಂಗ ಟೊಮೇಟೊ ಕದ್ದರೆ, ಬಾಯಿತುಂಬ ಬೈಯುತ್ತಿದ್ದಳೇ ಹೊರತು ಕೈಯೆತ್ತಿದವಳಲ್ಲ. ಕಾಡುಹಂದಿಗಳ ಹಾವಳಿ ಮಾತ್ರ ವಿಪರೀತ. ಅವುಗಳನ್ನು ಹದ್ದುಬಸ್ತಿನಲ್ಲಿ ಇಡುವವನು ಅಜ್ಜ. ಹುಲಿಯನ್ನು ಹೆಸರು ಹಿಡಿದು ಕರೆಯುವಷ್ಟು ಸೊಕ್ಕು ಆ ಊರಲ್ಲಿ ಯಾರಿಗೂ ಇಲ್ಲ, ಎಲ್ಲರಿಗೂ ಅವನು ಅಜ್ಜನೇ.

ಅಂದು ಇಳಿಹೊತ್ತಿನಲ್ಲಿ ಬದನೆ ಸಾಲಿನ ಹಸಿ ಮಣ್ಣಿನಲ್ಲಿ ಅವನ ಹೆಜ್ಜೆ ಕಂಡಿತು. ಅವಳ ಅಂಗೈಗಿಂತ ಅಗಲ, ಒಳಗೆ ಇನ್ನೂ ನೀರು ಜಿನುಗುತ್ತಿತ್ತು. ಹೆಜ್ಜೆಗಳು ಬೇಲಿಯ ಕಡೆ ಹೋಗಿದ್ದವು. ಆ ಬೇಲಿಯಲ್ಲೇ ತಮ್ಮ ಬುಸ್ತಾಮಿ ಹಂದಿಗೆಂದು ಉರುಳು ಕಟ್ಟಿದ್ದ. ಯುರ್ನಿಸ್ ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದಳು.

"ಏಳೋ, ಉರುಳು ಬಿಚ್ಚು ಬಾ. ಅಜ್ಜ ಬಂದಿದಾನೆ."

ಬುಸ್ತಾಮಿ ಕೈಯಲ್ಲಿದ್ದ ಕಾಫಿ ಲೋಟವನ್ನೂ ಕೆಳಗಿಡಲಿಲ್ಲ. "ಬರ್ಲಿ ಬಿಡಕ್ಕ. ಬದನೆಕಾಯಿಗೆ ಮೆಣಸಿನಕಾಯಿ ಅರೆದು ಹಾಕಿ ಬಲಾಡೊ ಮಾಡಿ ಬಡಿಸು."

"ಅಜ್ಜನ ಕಾಲಿಗೆ ತಂತಿ ಬಿದ್ರೆ ಊರಲ್ಲಿ ಮುಖ ಎತ್ತಿ ಓಡಾಡಕ್ಕಾಗುತ್ತೇನೋ?"

"ಹಂದಿ ಹೊಲ ಎಲ್ಲ ಗುಡಿಸಿ ಹಾಕ್ದಾಗ ನಿಮ್ಮಜ್ಜ ಎಲ್ಲಿದ್ನಂತೆ?"

ಇವನ ಜೊತೆ ಬಾಯಿ ನೋಯಿಸಿಕೊಂಡು ಫಲವಿಲ್ಲ. ಕಟಿಂಗ್ ಪ್ಲೇಯರ್ ಹಿಡಿದು ಒಬ್ಬಳೇ ಹೊರಟಳು.

ಬೇಲಿಯ ಹತ್ತಿರ ಮಂಗಗಳ ಗಲಾಟೆ ಒಮ್ಮೆಗೇ ನಿಂತುಹೋಗಿತ್ತು. ಅವನು ಇಲ್ಲೇ ಎಲ್ಲೋ ಇದ್ದಾನೆ. ಯುರ್ನಿಸ್ ಮಂಡಿಯೂರಿದಳು.

"ಅಜ್ಜಾ, ನಾನು, ನಿನ್ನ ಮೊಮ್ಮಗಳು. ತಪ್ಪು ನಮ್ದೇ. ಸ್ವಲ್ಪ ಹೊತ್ತು ಆ ಕಡೆ ತಿರುಗಿರು."

ಉರುಳಿಗೆ ಹಾಕಿದ್ದು ಬೈಕಿನ ಬ್ರೇಕ್ ತಂತಿ. ಒಂದೇ ಸಲಕ್ಕೆ ತುಂಡಾಗುವಂಥದ್ದಲ್ಲ, ಎಳೆ ಎಳೆಯಾಗಿ ಕತ್ತರಿಸಬೇಕು. ಬೆವರಿಗೆ ಪ್ಲೇಯರ್ ಜಾರುತ್ತಿತ್ತು. ಎಡಗಡೆಯ ಪೊದೆಯಲ್ಲಿ ಎಲೆಯೊಂದು ಅಲುಗಿತು. ತಲೆಯೆತ್ತಿ ನೋಡಿದರೆ ಕೈ ನಿಂತುಬಿಡುತ್ತದೆಂದು ಅವಳಿಗೆ ಗೊತ್ತಿತ್ತು, ನೋಡಲಿಲ್ಲ. ಕೊನೆಯ ಎಳೆ ಕಡಿದ ಮೇಲೆ, ಬೆನ್ನು ಕೊಡದೆ, ಬದನೆ ಗಿಡಗಳನ್ನು ತುಳಿದುಕೊಂಡೇ ಹಿಂದಕ್ಕೆ ಹಿಂದಕ್ಕೆ ಬಂದಳು.

ಮನೆಯ ಮೆಟ್ಟಿಲ ಮೇಲೆ ಕುಸಿದು ಪ್ಲೇಯರನ್ನು ಪಕ್ಕಕ್ಕಿಟ್ಟಳು. "ಕತ್ತರಿಸ್ದೆ ಕಣೋ. ಬದುಕಿದ್ವಿ."

"ಎರಡೂ ಕತ್ತರಿಸ್ದ್ಯಾ?" ಎಂದ ಬುಸ್ತಾಮಿ.

"ಎರಡು?"

ಅವನ ಮುಖ ಬಿಳಿಚಿಕೊಂಡಿತು. "ಇನ್ನೊಂದು ತೊರೆ ಹತ್ರ ಕಟ್ಟಿದೀನಿ ಅಕ್ಕ. ಮೊನ್ನೆ."

"ಅಜ್ಜ ನೀರು ಕುಡಿಯೋದೇ ಅಲ್ಲಿ ಅಲ್ವೇನೋ ಪಾಪಿ!"

ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅವಳು ಪ್ಲೇಯರ್ ಎತ್ತಿಕೊಂಡು ಏಳುವಷ್ಟರಲ್ಲಿ ಬುಸ್ತಾಮಿ ಅದನ್ನು ಕಿತ್ತುಕೊಂಡ. "ಕಟ್ಟಿದ್ದು ನಾನು. ನಾನೇ ಹೋಗ್ತೀನಿ."

ಚಪ್ಪಲಿಯನ್ನೂ ಮೆಟ್ಟದೆ ಅವನು ಅಂಗಳ ದಾಟಿದ. ಬೆಟ್ಟದ ನೆರಳು ಆಗಲೇ ತೊರೆಯನ್ನು ಮುಚ್ಚಿತ್ತು. ಹೋಗಬೇಡವೋ ಎಂಬ ಮಾತು ಯುರ್ನಿಸಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.