ರತ್ನಕ್ಕನ ಮೆಣಸಿನ ಪರೀಕ್ಷೆ

ದೆವ್ವದ ಸಿನಿಮಾ ಚೆನ್ನಾಗಿತ್ತೋ ಇಲ್ಲವೋ ಎಂದು ರತ್ನಕ್ಕ ನೋಡಿದ ಕೂಡಲೇ ಹೇಳುತ್ತಿರಲಿಲ್ಲ. ಉಪ್ಪು, ಒಣಮೆಣಸನ್ನು ನಮ್ಮಿಬ್ಬರಿಗೂ ನಿವಾಳಿಸಿ ಕೆಂಡಕ್ಕೆ ಹಾಕಿದ ಮೇಲೆಯೇ ತೀರ್ಪು. ಮೆಣಸು ಘಾಟು ಬಿಟ್ಟರೆ ನಮಗೇನೂ ತಾಗಿಲ್ಲ, ಸಿನಿಮಾ ದಂಡ. ಘಾಟು ಬರದಿದ್ದರೆ ಏನೋ ತಾಗಿದೆ, ಸಿನಿಮಾ ಒಳ್ಳೆಯದು!

ಮಣಿನಗರದಲ್ಲಿ ಅವರ ಉಡುಪಿ ಹೋಟೆಲಿನ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಟಿವಿಯಲ್ಲಿ ಹಳೆಯ ಕಪ್ಪು-ಬಿಳುಪು ಚಿತ್ರವೊಂದನ್ನು ನೋಡಿದೆವು. ಖಾಲಿ ಮನೆ, ತಾನಾಗಿಯೇ ತೂಗುವ ತೊಟ್ಟಿಲು, ಅಷ್ಟೇ. ದೆವ್ವದ ಮುಖ ಕೊನೆಯವರೆಗೂ ಕಾಣಲಿಲ್ಲ. ರತ್ನಕ್ಕ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅವರ ಬಳೆಯ ಗುರುತು ಸಂಜೆಯವರೆಗೂ ಉಳಿದಿತ್ತು. ಆ ದಿನ ಮೆಣಸು ಸುಮ್ಮನೆ ಕರಕಲಾಯಿತು. "ಎಂತ ಪಿಕ್ಚರ್ ಮಾರಾಯ್ತಿ!" ಎಂದರು, ಸಣ್ಣ ಸ್ವರದಲ್ಲಿ.

ಅದೇ ಚಿತ್ರವನ್ನು ಈಚೆಗೆ ಹೊಸದಾಗಿ ತೆಗೆದಾಗ ವಸ್ತ್ರಾಪುರದ ಮಾಲಿಗೆ ಹೋದೆವು. ಆಗಲೇ ಅವರಿಗೆ ಎದೆನೋವು ಶುರುವಾಗಿತ್ತು. ಡಾಕ್ಟರು ಇಂಥದ್ದೆಲ್ಲ ಬೇಡವೆಂದಿದ್ದರೂ ಹಟ ಬಿಡಲಿಲ್ಲ. ನಾನು ಪರದೆಯನ್ನು ನೋಡಿದ್ದು ಕಡಿಮೆ, ಅವರ ಉಸಿರನ್ನು ಗಮನಿಸಿದ್ದೇ ಹೆಚ್ಚು. ತೊಟ್ಟಿಲು ಗೋಡೆಗೆ ಅಪ್ಪಳಿಸಿತು, ದೆವ್ವ ಚೀರುತ್ತ ಮುಖದ ಹತ್ತಿರಕ್ಕೇ ಬಂತು. ನನ್ನ ಜೀವ ಬಾಯಿಗೆ ಬಂದಿತ್ತು. ರತ್ನಕ್ಕ ಪಾಪ್‌ಕಾರ್ನ್ ತಿನ್ನುತ್ತಿದ್ದರು.

"ಬೆಚ್ಚಿ ಬೀಳುದು ಹೆದರಿಕೆ ಅಲ್ಲ. ಕುಕ್ಕರ್ ಸೀಟಿ ಹೊಡೆದ್ರೂ ಬೆಚ್ಚಿ ಬೀಳ್ತೇವೆ. ಹಳೆಯದ್ರಲ್ಲಿ ಅದು ಎಲ್ಲಿ ಉಂಟು ಅಂತಲೇ ಗೊತ್ತಾಗ್ತಿರ್ಲಿಲ್ಲ."

ಆ ಸಂಜೆ ಮೆಣಸಿನ ಘಾಟಿಗೆ ಇಡೀ ಹೋಟೆಲು ಕೆಮ್ಮಿತು. ದೋಸೆ ಬಿಟ್ಟು ಬೀದಿಗೆ ಓಡಿದ ಗುಜರಾತಿ ಗಿರಾಕಿಯೊಬ್ಬರು "ಶು ಥಯು, ಬೆನ್?" ಎಂದು, ಏನಾಯಿತೆಂದು ಗಾಬರಿಯಿಂದ ಕೇಳಿದರೆ, ಇವರು ಕಣ್ಣೊರೆಸಿಕೊಳ್ಳುತ್ತ "ಪಿಕ್ಚರ್ ಬೇಕಾರ್!" ಎಂದರು.

ಸ್ವಲ್ಪ ದಿನಕ್ಕೇ ಎದೆಯ ಆಪರೇಷನ್ನಿಗೆ ಆಸ್ಪತ್ರೆ ಸೇರಿದರು. ಆಪರೇಷನ್ನಿನ ಹಿಂದಿನ ದಿನ ನೋಡಲು ಹೋದೆ. ಆ ವಾರ್ಡಿನಲ್ಲಿ ಶಬ್ದವೇ ಇರಲಿಲ್ಲ, ನರ್ಸುಗಳ ಹೆಜ್ಜೆ ಕೂಡ ಕೇಳುತ್ತಿರಲಿಲ್ಲ. ರತ್ನಕ್ಕ ನನ್ನ ಮಣಿಕಟ್ಟು ಹಿಡಿದರು. ಕೈಯಲ್ಲಿ ಬಳೆ ಇರಲಿಲ್ಲ.

"ಇದು ಹಳೆ ಪಿಕ್ಚರಿನ ಹಾಗೆ ಉಂಟು ಮಾರಾಯ್ತಿ."

ದಿಂಬಿನಡಿಯಿಂದ ಉಪ್ಪು-ಮೆಣಸಿನ ಪೊಟ್ಟಣ ತೆಗೆದು ಕೊಟ್ಟರು. ನಾನು ಅವರಿಗೆ ನಿವಾಳಿಸಿದೆ. "ಮನೆಗೆ ಹೋಗಿ ಕೆಂಡಕ್ಕೆ ಹಾಕು. ಘಾಟು ಬಂತಾ ಹೇಳು," ಎಂದರು.

ಹಾಕಿದೆ. ಮೆಣಸು ಕಪ್ಪಾಯಿತು. ಬಗ್ಗಿ ಮೂಗನ್ನು ಹತ್ತಿರ ಒಯ್ದೆ. ಏನೂ ಇಲ್ಲ. ಅಷ್ಟರಲ್ಲಿ ಅವರದೇ ಫೋನು.

"ಬಂತಾ?"

"ಬಂತು ರತ್ನಕ್ಕ," ಎಂದು ಜೋರಾಗಿ ಕೆಮ್ಮಿದೆ.

ಆ ಕಡೆಯಿಂದ ದೊಡ್ಡ ನಿಟ್ಟುಸಿರು ಕೇಳಿತು. "ಹಾಗಾದ್ರೆ ಇದೂ ಹೊಸ ಪಿಕ್ಚರೇ. ಹೆದರ್ಲಿಕ್ಕಿಲ್ಲ," ಎಂದು ನಕ್ಕರು.

ಆಪರೇಷನ್ ಆದ ಮೇಲೆ ಅವರು ಕಣ್ಣು ತೆರೆಯಲಿಲ್ಲ. ಈಗಲೂ ಕೆಳಗೆ ಹೋಟೆಲಿನಲ್ಲಿ ಒಗ್ಗರಣೆಯ ಮೆಣಸು ಸೀದು ಘಾಟೆದ್ದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಕಿಟಕಿ ತೆರೆದು, ಕೆಮ್ಮು ಬರುವವರೆಗೂ ಅಲ್ಲೇ ನಿಲ್ಲುತ್ತೇನೆ.